ಕಾಣೆ ಮೀನಿನ ಜಪಾನು ದಿಗ್ವಿಜಯ

ಎಲೈ ಜಠರಾಗ್ನಿಯ ಅಧಿದೇವತೆಯೇ, ಒಗ್ಗರಣೆಯ ಹೊಗೆಯಲ್ಲಿ ನೆಲೆಸಿದವಳೇ, ಅರೆಯುವ ಕಲ್ಲಿನ ಗುಡುಗಿನಲ್ಲಿ ನುಡಿಯುವವಳೇ, ಈ ಬಡಪಾಯಿಯ ನಾಲಗೆಯ ತುದಿಯಲ್ಲಿ ಒಂದು ಗಳಿಗೆ ಕುಳಿತುಕೋ. ಕಾವಲಿಗೆ ದೋಸೆ ಅಂಟದ, ಪುಸ್ತಕಕ್ಕೆ ಕಣ್ಣು ಅಂಟದ, ಮನುಷ್ಯರು ಮಾತ್ರ ಮೊಬೈಲಿಗೆ ಅಂಟಿಕೊಂಡಿರುವ ಈ ಮಹಾಯುಗದಲ್ಲಿ, ಪಡುಗಡಲ ತೀರದ ಮಂಗಳೂರೆಂಬ ಮತ್ಸ್ಯಗಂಧಪರಿಮಳಿತ ನಗರಿಯ ಬೋಳಾರವೆಂಬ ಪ್ರಾಂತದಲ್ಲಿ, ಲಿಫ್ಟು ಕೆಟ್ಟ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಜಗಜೀವನ ಕರ್ಕೇರನೆಂಬ ವೀರನು ವಾಸಿಸುತ್ತಿದ್ದನು. ಸಂಧಿಸಮಾಸವಿಶಾರದ, ಛಂದಃಪ್ರಸ್ತಾರಪಂಚಾನನ, ಕಡೇಬೆಂಚುಭಯಂಕರ ಎಂಬ ಬಿರುದುಗಳನ್ನು ಪ್ರೌಢಶಾಲೆಯ ಕನ್ನಡ ಪಂಡಿತನಾಗಿ ಗಳಿಸಿ, ನಿವೃತ್ತನಾಗಿ, ಆ ಬಿರುದುಗಳಿಂದ ಮನೆಯಲ್ಲಿ ಯಾವ ಉಪಯೋಗವೂ ಇಲ್ಲವೆಂದು ಅರಿತಿದ್ದನು.

ವೀರನ ಕಥೆಯನ್ನು ಬೇರೊಬ್ಬ ಕವಿ ಹಾಡುವುದು ಧರ್ಮ. ಆದರೆ ಮೀನು ಹುರಿದ ಮೇಷ್ಟ್ರ ಮೇಲೆ ಕಾವ್ಯ ಕಟ್ಟಲು ಯಾರೂ ಮುಂದೆ ಬರಲಿಲ್ಲ. ಆದ್ದರಿಂದ ವೀರನೂ ನಾನೇ, ಹೊಗಳುಭಟನೂ ನಾನೇ. ಬಿರುದುಗಳಲ್ಲಿ ಮೊದಲಿನ ಎರಡು ನಾನೇ ಇಟ್ಟುಕೊಂಡವು, ಕೊನೆಯದು ಮಕ್ಕಳು ಇಟ್ಟದ್ದು. ನಡುವೆ ನಾಚಿಕೆಯಾಗಿ ಬಾಯಿ ಕಟ್ಟದಿರಲೆಂದು ಮುಂದೆಲ್ಲ 'ಅವನು' ಎಂದೇ ಹೇಳುತ್ತೇನೆ.

ಯುದ್ಧಕಾರಣವನ್ನು ಕೇಳಿರಿ. ವೀರಪತ್ನಿ ವಾರಿಜಾ ಹೆಜಮಾಡಿಯ ಕಡಲತಡಿಯ ಮನೆಯಲ್ಲಿ ಹುಟ್ಟಿ, ಬ್ಯಾಡಗಿ ಮೆಣಸಿನ ಕೆಂಪು ಗಸಿಯಲ್ಲಿ ಮುಳುಗಿದ ಮೀನನ್ನು ತಿಂದು ಬೆಳೆದವಳು. ಅಂಥವಳ ಹೊಟ್ಟೆಯಲ್ಲಿ ಹುಣ್ಣಾಯಿತು. ನಳಿಕಾಯಂತ್ರಧಾರಿಯಾದ ವೈದ್ಯೋತ್ತಮನು ಒಳಗೆ ಇಣುಕಿ ನೋಡಿ, ಮೆಣಸು ಕೂಡದು, ಹುಳಿ ಕೂಡದು ಎಂದು ಶಾಸನ ಹೊರಡಿಸಿದನು. ಉಪ್ಪಿನ ವಿಷಯದಲ್ಲಿ ಅವನು ಮೌನಿಯಾಗಿದ್ದನು. ಆ ಮೌನವನ್ನು ಓದುಗರು ನೆನಪಿನಲ್ಲಿಡಬೇಕು.

"ಮೆಣಸಿಲ್ಲದ್ದನ್ನು ಮೀನು ಅಂತ ಹೇಗೆ ಹೇಳುದು?" ಎಂದಳು ವಾರಿಜಾ. ಅಂದಿನಿಂದ ಆ ಮನೆಗೆ ಮೀನು ಬರಲಿಲ್ಲ. ಅವಳು ಗಂಜಿಯನ್ನು ಚಮಚದ ತುದಿಯಲ್ಲಿ ಕಲಕುವಳು, ಒಂದೆರಡು ಸಲ ಬಾಯಿಗಿಡುವಳು, ಬಟ್ಟಲು ಸರಿಸಿ ಏಳುವಳು. ಬಳೆಗಳು ಸಡಿಲವಾಗಿ ಮೊಣಕೈವರೆಗೆ ಜಾರತೊಡಗಿದವು. ಸಾವಿರ ಪ್ರಬಂಧಗಳಿಗೆ ಕೆಂಪು ಗೆರೆ ಎಳೆದ ವೀರನಿಗೆ ಉಣ್ಣದ ಹೆಂಡತಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ಹೆದರಿಕೆಗೆ ಕಾವ್ಯದಲ್ಲಿ ಬೇಕಾದಷ್ಟು ಪರ್ಯಾಯಪದಗಳಿವೆ, ಯಾವುದೂ ಅವನ ಉಪಯೋಗಕ್ಕೆ ಬರಲಿಲ್ಲ.

ಹೀಗಿರಲು ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಎಕ್ಸ್‌ಪ್ರೆಸ್ ಬಸ್ಸೆಂಬ ರಥವನ್ನಿಳಿದು, ಮೆಟ್ಟಿಲುಗಳನ್ನು ಶಪಿಸುತ್ತ ಏರಿ, ವಾರಿಜೆಯ ಅಕ್ಕ ಭಾಗೀರಥಿ ಬಂದಳು. ಮಣ್ಣಿನ ಮಡಕೆಗಳ ಮಹಾರಾಣಿ, ತೆಂಗಿನಕಾಯಿ ತುರಿಯುವ ಮಣೆಯನ್ನೇ ಸಿಂಹಾಸನ ಮಾಡಿಕೊಂಡವಳು, ಒಂದೇ ನೋಟಕ್ಕೆ ಮೀನುಮಾರುಕಟ್ಟೆಯನ್ನು ಮೌನವಾಗಿಸಬಲ್ಲವಳು. ಅವಳು ತಂಗಿಯ ಬಳೆಗಳನ್ನು ನೋಡಿದಳು, ಆಮೇಲೆ ವೀರನನ್ನು ನೋಡಿದಳು.

"ಎಂತ ಮಾಷ್ಟ್ರೆ ಇದು? ನನ್ನ ತಂಗಿ ಒಣಗಿ ಕಡ್ಡಿ ಆಗಿದ್ದಾಳೆ. ನಿಮಗೆ ಕಣ್ಣು ಕಾಣುದಿಲ್ವಾ? ಸೋಮವಾರ ನಾನು ಇವಳನ್ನು ಕರ್ಕೊಂಡು ಹೋಗ್ತೇನೆ. ಅಲ್ಲಿ ನಾನೇ ಕೂತು ತಿನ್ನಿಸ್ತೇನೆ."

"ಎಷ್ಟು ದಿನಕ್ಕೆ ಅಕ್ಕ?"

"ಅದೆಂತ ಹೇಳುದು ಈಗ? ಮಳೆಗಾಲ ಕಳೀಲಿ, ಆಮೇಲೆ ನೋಡುವ."

ಮಳೆಗಾಲವಿಡೀ! ವೀರನು ಹೆಂಡತಿಯ ಮುಖ ನೋಡಿದನು. ಅವಳು ಹೋಗುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಆಗ ಅವನು ಮಡಚಿ ಕಟ್ಟಿದ ಪಂಚೆಯನ್ನು ಇಳಿಬಿಟ್ಟು, ಎದೆಯುಬ್ಬಿಸಿ, ಊಟದ ಮೇಜಿನ ಅಂಚನ್ನು ಗುದ್ದಿ ಪ್ರತಿಜ್ಞೆಗೈದನು:

"ಎಲೌ ಭಗಿನೀವತ್ಸಲೇ, ಕೇಳು! ನಾಳಿನ ಮಧ್ಯಾಹ್ನಮಾರ್ತಾಂಡನು ನಡುನೆತ್ತಿಗೇರುವಷ್ಟರಲ್ಲಿ ಮರೀಚರಹಿತವಾದ, ಅಮ್ಲಸ್ಪರ್ಶವರ್ಜಿತವಾದ, ಪ್ರಾಚ್ಯದ್ವೀಪಾಂತರಪಾಕಕ್ರಮಸಿದ್ಧವಾದ ಮತ್ಸ್ಯಖಂಡವನ್ನು ಈಕೆಯ ತಟ್ಟೆಯಲ್ಲಿರಿಸುವೆನು. ಇದು ಭೀಷಣ, ಇದು ಅನುಲ್ಲಂಘನೀಯ!"

"ಸ್ವಲ್ಪ ಕನ್ನಡದಲ್ಲಿ ಹೇಳಿ ಮಾರಾಯ್ರೆ," ಎಂದಳು ಭಾಗೀರಥಕ್ಕ.

"ನಾಳೆ ಮಧ್ಯಾಹ್ನ ಮೀನು ನಾನು ಮಾಡ್ತೇನೆ. ಜಪಾನಿನವರ ಹಾಗೆ. ಮೆಣಸು ಇಲ್ಲ. ಇವಳು 'ಇನ್ನೊಂದು ತುಂಡು ಹಾಕಿ' ಅಂತ ಬಾಯಿ ಬಿಟ್ಟು ಕೇಳದಿದ್ರೆ ಸೋಮವಾರ ನೀವು ಕರ್ಕೊಂಡು ಹೋಗಿ."

"ನೀವಾ? ಮೀನಾ?" ಎಂದು ಭಾಗೀರಥಕ್ಕ ನಕ್ಕಳು. ನಗು ನಿಲ್ಲಲು ತಡವಾಯಿತು. ವಾರಿಜೆಯೂ ಸೆರಗಿನ ಹಿಂದೆ ನಕ್ಕಳು. ಅದು ಬಹಳ ದಿನಗಳ ಮೇಲೆ ಬಂದ ನಗುವಾದ್ದರಿಂದ ವೀರನು ಅವಮಾನವನ್ನು ನುಂಗಿಕೊಂಡನು.

ಅವನ ಈ ಧೈರ್ಯಕ್ಕೆ ಒಬ್ಬ ಗುರುವಿದ್ದಳು. ಮೊಬೈಲಿನಲ್ಲಿ ಕಂಡ ಜಪಾನಿ ಅಜ್ಜಿ. ಅವಳ ಒಂದು ಮಾತೂ ಅವನಿಗೆ ತಿಳಿಯದು, ಕೈ ಮಾತ್ರ ಪೂರ್ತಿ ತಿಳಿಯಿತು. ಸೋಯಾ ಕಾಳನ್ನು ಹುದುಗಿಸಿ ಮಾಡಿದ ಮಿಸೊ ಎಂಬ ಕಂದು ಮುದ್ದೆ, ಕಪ್ಪು ಸೋಯಾ ಸಾಸು, ತುರಿದ ಶುಂಠಿ, ಸಿಹಿಗೆ ಅಕ್ಕಿಯ ಮದ್ಯ. ಇವನ್ನು ಕಲಸಿ, ಮುಳ್ಳು ತೆಗೆದ ಬಿಳಿ ಮೀನಿನ ಹೋಳಿಗೆ ಸವರಿ, ಒಂದು ದಿನ ಫ್ರಿಜ್ಜಿನಲ್ಲಿ ಇಟ್ಟು ಆಮೇಲೆ ಸುಡುವಳು. ಎಲ್ಲಿಯೂ ಮೆಣಸಿಲ್ಲ! ವೀರನು ಮಾಲಿನ ವಿದೇಶಿ ಸಾಮಾನಿನ ಕಪಾಟಿನಿಂದ ಮಿಸೊ ಮತ್ತು ಸಾಸನ್ನು ಆಗಲೇ ತಂದು ಪುಸ್ತಕಗಳ ಹಿಂದೆ ಅಡಗಿಸಿಟ್ಟಿದ್ದನು. ಮದ್ಯದ ಬದಲು ಬೆಲ್ಲವೆಂದು ನಿಶ್ಚಯಿಸಿದ್ದನು. ಪಂಡಿತನಿಗೆ ಪರ್ಯಾಯಪದ ತಿಳಿಯದೆ?

ಆಮೇಲೆ ಅವನು ಬಂದರಿನಲ್ಲಿ ಮೀನುದೋಣಿಗಳು ನಿಲ್ಲುವ ದಕ್ಕೆಗೆ ದಂಡೆತ್ತಿ ಹೋದನು. ಅಲ್ಲಿ ಬುಟ್ಟಿಗಳ ದುರ್ಗದ ನಡುವೆ ಕುಳಿತ ಲೀಲಕ್ಕ ತೋಳುದ್ದದ ಕಾಣೆ ಮೀನುಗಳನ್ನು ಎತ್ತಿ ತೋರಿಸಿದಳು.

"ತಲೆ ಬೇಡ, ಮುಳ್ಳು ಬೇಡ, ಚರ್ಮ ಬೇಡ. ಬರೀ ಮಾಂಸದ ಹೋಳು," ಎಂದನು ವೀರನು.

"ತಲೆ ಬೇಡ್ವಾ? ಮುಳ್ಳು ಸಹ ಬೇಡ್ವಾ? ಮತ್ತೆ ಎಂತ ಮಾಷ್ಟ್ರೆ ತಿನ್ನುದು ನೀವು?" ಲೀಲಕ್ಕ ಪಕ್ಕದವಳ ಕಡೆ ತಿರುಗಿದಳು. "ನೋಡೇ, ಪಾಪ, ಹಲ್ಲೆಲ್ಲ ಹೋಯ್ತಂತೆ ಇವರದ್ದು."

ಅವಳು ಕತ್ತಿಗೆ ಕೊಟ್ಟು ಸುಲಿದು ಹೋಳು ಮಾಡಿ, ಬೇಡವೆಂದ ತಲೆಗಳನ್ನೂ ಚೀಲಕ್ಕೆ ತುರುಕಿದಳು. ಬಿಸಾಡಲು ಅವಳ ಮನಸ್ಸು ಒಪ್ಪಲಿಲ್ಲ. ವೀರನು ಹಲ್ಲುಗಳನ್ನು ಬಿಗಿಹಿಡಿದು, ಅವು ಇರುವುದನ್ನು ಖಚಿತಪಡಿಸಿಕೊಂಡು ಹಿಂತಿರುಗಿದನು.

ಈಗ ಮಹಾಲೇಪನಪರ್ವ. ಹೋಳುಗಳನ್ನು ತೊಳೆದು ಪಾತ್ರೆಯಲ್ಲಿ ಹರಡಿದಾಗ ಅಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಸಂಗತಿ ಎಂದು ಕರೆಯಬೇಕೆಂದೂ ಆಗ ಯಾರಿಗೂ ತೋಚಲಿಲ್ಲ. ಕಡಲತಡಿಯ ನಮ್ಮ ಮನೆಗಳಲ್ಲಿ ತೊಳೆದ ಮೀನು ಉಪ್ಪು ಅರಸಿನ ಕಾಣದೆ ಒಂದು ಗಳಿಗೆಯೂ ಕೂರುವುದಿಲ್ಲ. ಬಾಗಿಲಲ್ಲಿ ನೆಂಟರು ನಿಂತಿದ್ದರೂ ಮೊದಲು ಉಪ್ಪು, ಆಮೇಲೆ 'ಬನ್ನಿ'. ವೀರನ ಮನಸ್ಸು ಜಪಾನಿನಲ್ಲಿತ್ತು. ಕೈ ಬೋಳಾರದಲ್ಲಿತ್ತು. ಆ ಕೈ ತನ್ನಷ್ಟಕ್ಕೆ ಭರಣಿಗೆ ಹೋಗಿ, ಒಂದು ಹಿಡಿ ಉಪ್ಪು ತಂದು, ಮೀನಿಗೆ ತಿಕ್ಕಿ, ಏನೂ ಆಗಿಲ್ಲವೆಂಬಂತೆ ಹಿಂದೆ ಬಂದಿತು. ಅದರ ಮೇಲೆ ಮಿಸೊ, ಅದರ ಮೇಲೆ ಸೋಯಾ ಸಾಸು, ಶುಂಠಿ, ಬೆಲ್ಲ.

ಆಗ ಭಾಗೀರಥಕ್ಕ ಬಾಗಿಲಿಗೆ ಬಂದು ಮೂಗು ಹಿಡಿದಳು. "ಮಾಷ್ಟ್ರೆ, ಹಳಸಿದ ವಾಸನೆ ಬರ್ತಾ ಉಂಟು."

"ಅದು ಹುದುಗಿದ ಪರಿಮಳ ಅಕ್ಕ. ಅಲ್ಲಿಯವರು ಇದರಿಂದಲೇ ನೂರು ವರ್ಷ ಬದುಕ್ತಾರೆ."

"ಇದನ್ನು ತಿನ್ಲಿಕ್ಕೆ ಅಷ್ಟು ವರ್ಷ ಬದುಕುದಾ?"

ವೀರನು ಪಾತ್ರೆಯನ್ನು ಹಿಮಗರ್ಭವಾದ ಫ್ರಿಜ್ಜಿನಲ್ಲಿರಿಸಿ ಸ್ನಾನಕ್ಕೆ ಹೋದನು. ಬಕೆಟ್ಟಿನ ನೀರು ಸುರಿಯುವ ಸದ್ದು ಕೇಳಿದೊಡನೆ ಭಾಗೀರಥಕ್ಕ ಫ್ರಿಜ್ಜು ತೆರೆದಳು. ಇದು ನನಗೆ ಹೇಗೆ ಗೊತ್ತೆಂದು ಕೇಳಬೇಡಿ, ಅವಳೇ ಆಮೇಲೆ ಬಾಯಿ ಬಿಟ್ಟಳು. ಕಂದು ಕೆಸರಿನಲ್ಲಿ ಮಲಗಿದ ಮೀನನ್ನು ಅವಳು ನೋಡಿದಳು. ಗೆಲ್ಲಬೇಕಾದ ಶತ್ರು ಅವಳು. ಕೈ ಕಟ್ಟಿ ಕುಳಿತಿದ್ದರೆ ಸಾಕಿತ್ತು, ಗೆಲುವು ಅವಳದೇ. ಆದರೆ ನಾಳೆ ತಂಗಿಯ ತಟ್ಟೆಗೆ ಸಪ್ಪೆ ಮೀನು ಬೀಳುವುದೆಂದು ನೆನೆದೊಡನೆ ಅವಳಿಗೆ ತಡೆಯಲಾಗಲಿಲ್ಲ. "ಪಾಪ, ಈ ಗಂಡಸಿಗೆ ಉಪ್ಪು ಹಾಕ್ಬೇಕು ಅಂತ ಸಹ ಗೊತ್ತಿಲ್ಲ," ಎಂದುಕೊಂಡು ಅವಳೂ ಒಂದು ಹಿಡಿ ಹಾಕಿ, ಚೆನ್ನಾಗಿ ತಿಕ್ಕಿ, ಮುಚ್ಚಿಟ್ಟಳು. ಅವಳ ಹಿಡಿ ವೀರನ ಹಿಡಿಗಿಂತ ದೊಡ್ಡದು.

ಭಾನುವಾರ ನಡುಹಗಲು ರಣಭೇರಿಯಂತೆ ಕುಕ್ಕರ್ ಕೂಗಿತು. ವೀರನು ಕಬ್ಬಿಣದ ಕಾವಲಿಯನ್ನು ಒಲೆಯ ಮೇಲೇರಿಸಿ, ಎಳ್ಳೆಣ್ಣೆಯ ಅಭಿಷೇಕಗೈದು, ಸಟ್ಟುಗವೆಂಬ ಏಕೈಕ ಆಯುಧವನ್ನು ಹಿಡಿದು, ಮೊದಲ ಹೋಳನ್ನು ಸಮರಾಂಗಣಕ್ಕೆ ಇಳಿಸಿದನು. ಜಪಾನಿ ಅಜ್ಜಿಯ ಕಾವಲಿಯಲ್ಲಿ ಮೀನು ಮೆಲ್ಲಗೆ ಹೊಂಬಣ್ಣಕ್ಕೆ ತಿರುಗಿತ್ತು. ಇಲ್ಲಿ ಬೆಲ್ಲ ಮೊದಲು ಬುಸುಗುಟ್ಟಿತು, ಆಮೇಲೆ ಕಪ್ಪಾಯಿತು, ಆಮೇಲೆ ಹೊಗೆಯಾಯಿತು. ಧೂಮಾಂಧಕಾರವು ಅಡುಗೆಮನೆಯನ್ನು ವ್ಯಾಪಿಸಿತು. ವೀರನು ಕೆಮ್ಮಿದನು, ಉರಿ ಇಳಿಸಿದನು, ಹೋಳನ್ನು ಮಗುಚಿದನು. ಅರ್ಧ ಮಗುಚಿತು, ಅರ್ಧ ಕಾವಲಿಯಲ್ಲೇ ಬೇರೂರಿತು. "ಓಡಬೇಡಿರೋ!" ಎಂದು ಅವನು ಹೋಳುಗಳಿಗೆ ಆಣತಿಯಿತ್ತನು. ಅವು ಎಲ್ಲಿಯೂ ಓಡುವ ಸ್ಥಿತಿಯಲ್ಲಿರಲಿಲ್ಲ.

ಕೊನೆಗೆ ತಟ್ಟೆಗಳು ಮೇಜಿಗೆ ಬಂದವು. ಮೂವರೂ ಕುಳಿತರು. ವಾರಿಜಾ ಒಂದು ತುಂಡು ಮುರಿದು ಬಾಯಿಗಿಟ್ಟಳು. ಅವಳ ಕಣ್ಣು ದೊಡ್ಡದಾಯಿತು. ಅವಳು ಒಂದು ಲೋಟ ನೀರನ್ನು ಒಂದೇ ಗುಟುಕಿಗೆ ಕುಡಿದಳು.

ಭಾಗೀರಥಕ್ಕ ರುಚಿ ನೋಡಿ ತಲೆಗೆ ಕೈಯಿಟ್ಟಳು. "ಅಯ್ಯೋ ದೇವರೇ! ಎಷ್ಟು ಉಪ್ಪು ಹಾಕಿದ್ದೀರಿ ಮಾಷ್ಟ್ರೆ?"

"ಒಂದೇ ಹಿಡಿ!"

"ಅಂದ್ರೆ, ನೀವು ಹಾಕಿದ್ರಾ?"

"ಅಂದ್ರೆ, ನೀವೂ ಹಾಕಿದ್ರಾ?"

 ವೀರನು ಎದ್ದುಹೋಗಿ ಮಿಸೊದ ಡಬ್ಬಿಗೆ ಬೆರಳದ್ದಿ ನೆಕ್ಕಿದನು. ಸೋಯಾ ಸಾಸಿನ ಹನಿಯನ್ನೂ ನೆಕ್ಕಿದನು. ಎರಡೂ ಕಡಲಿನಷ್ಟೇ ಉಪ್ಪಾಗಿದ್ದವು. ಅಜ್ಜಿ ಯಾಕೆ ಉಪ್ಪಿನ ಭರಣಿ ಮುಟ್ಟಲಿಲ್ಲವೆಂಬುದು ಆಗ ಅವನಿಗೆ ಹೊಳೆಯಿತು.

ಭಾಗೀರಥಕ್ಕ ಗೆದ್ದ ಸೊಕ್ಕಿಲ್ಲದೆ ಒಳಗೆ ಹೋಗಿ ತಂಗಿಯ ಸೀರೆಗಳನ್ನು ಚೀಲಕ್ಕೆ ಮಡಿಚಿಡತೊಡಗಿದಳು. ವೀರನು ಕುರ್ಚಿಯಲ್ಲಿ ಕುಸಿದನು. ಮಳೆಗಾಲವಿಡೀ ಎದುರಿನ ಕುರ್ಚಿ ಖಾಲಿ. ಹೋಗಬೇಡ ಎನ್ನಲು ಅವನಿಗೆ ಮುಖವಿರಲಿಲ್ಲ, ಇಲ್ಲಿದ್ದರೆ ಅವಳು ಉಣ್ಣುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಅವನ ಎಲ್ಲ ಸಮಾಸಗಳೂ ಬಿಡಿಬಿಡಿಯಾಗಿ ಬಿದ್ದಿದ್ದವು.

ಅಷ್ಟರಲ್ಲಿ ವಾರಿಜಾ ಎದ್ದು ಅಡುಗೆಮನೆಯಿಂದ ಬೆಳಗಿನ ಗಂಜಿಯ ಪಾತ್ರೆ ತಂದಳು. ಬಟ್ಟಲಿಗೆ ಸುರಿದುಕೊಂಡಳು. ಸುಟ್ಟ ಮೀನಿನ ಒಂದು ಎಸಳನ್ನು ಬೆರಳ ತುದಿಯಲ್ಲಿ ಚಿವುಟಿ ನಾಲಗೆಗಿಟ್ಟು, ಮೇಲೊಂದು ಚಮಚ ಗಂಜಿ ಕುಡಿದಳು. ಇನ್ನೊಂದು ಎಸಳು. ಇನ್ನೊಂದು ಚಮಚ. ಬಳೆಗಳು ಮೇಲೆ ಕೆಳಗೆ ಜಾರುತ್ತ ಸದ್ದು ಮಾಡಿದವು.

"ಅಕ್ಕ, ಇಲ್ಲಿ ಬಾ," ಎಂದು ಅವಳು ಕೂಗಿದಳು. "ಅಮ್ಮ ಮಳೆಗಾಲದಲ್ಲಿ ಕೆಂಡದಲ್ಲಿ ಸುಟ್ಟು ಕೊಡ್ತಿದ್ರಲ್ಲ, ಗಂಜಿಗೆ ನಂಜಿಕೊಳ್ಳಲಿಕ್ಕೆ? ಆ ಒಣ ಉಪ್ಪುಮೀನು ನೋಡು. ಅದೇ ರುಚಿ."

ಭಾಗೀರಥಕ್ಕ ಕೈಯಲ್ಲಿ ಸೀರೆ ಹಿಡಿದೇ ಬಂದು ಒಂದು ಎಸಳು ತಿಂದಳು. ಅಲ್ಲಿಯೇ ಕುಳಿತು ತನಗೂ ಒಂದು ಬಟ್ಟಲು ಎಳೆದುಕೊಂಡಳು. ವಾರಿಜೆಯ ಬಟ್ಟಲು ಖಾಲಿಯಾಯಿತು. ಅವಳು ಮತ್ತೆ ಗಂಜಿ ಹಾಕಿಕೊಂಡಳು. ಆಮೇಲೆ ಗಂಡನ ಕಡೆಗೆ ತಿರುಗಿ, ಅಕ್ಕನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಇನ್ನೊಂದು ತುಂಡು ಹಾಕಿ."

ವೀರನು ಬಡಿಸಿದನು. ಕಣ್ಣಲ್ಲಿ ನೀರು ಬಂತು. ಹೊಗೆ ಇನ್ನೂ ಹೋಗಿರಲಿಲ್ಲ ಎಂದು ಕಾವ್ಯದಲ್ಲಿ ಬರೆಯಬಹುದು, ಆದರೆ ಕಿಟಕಿ ತೆರೆದು ಬಹಳ ಹೊತ್ತಾಗಿತ್ತು.

ಸೋಮವಾರ ಭಾಗೀರಥಕ್ಕ ಒಬ್ಬಳೇ ಹೊರಟಳು. ಹೊರಡುವ ಮುನ್ನ ಮಡಿಚಿಟ್ಟ ಸೀರೆಗಳನ್ನು ತಾನೇ ಕಪಾಟಿಗೆ ತಿರುಗಿ ಇಟ್ಟು, ಉಳಿದ ಮೀನಿನ ಎರಡು ಹೋಳನ್ನು ಡಬ್ಬಿಯಲ್ಲಿ ಹಾಕಿಕೊಂಡಳು. "ರಾತ್ರಿ ಗಂಜಿಗೆ ಆಗ್ತದೆ," ಎಂದಳು. ಮೆಟ್ಟಿಲ ಬಳಿ ನಿಂತು, "ಮಾಷ್ಟ್ರೆ, ದಿನಾಲೂ ಇಷ್ಟು ಉಪ್ಪು ಕೊಡ್ಬೇಡಿ ಮತ್ತೆ," ಎಂದಳು. ಅದು ಸಂಧಿಪತ್ರವೆಂದು ವೀರನು ತಿಳಿದುಕೊಂಡನು.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು, ದಿಗ್ವಿಜಯಗರ್ವಿತನಾಗಿ ಅವನು ಹೆಂಡತಿಯನ್ನು ಕೇಳಿದನು: "ಹೇಗಿತ್ತು ಹಾಗಾದ್ರೆ ನಮ್ಮ ಜಪಾನು?"

"ಎಂತ ಜಪಾನು?" ಎಂದಳು ವಾರಿಜಾ, ಗಂಜಿಗೆ ಅಕ್ಕಿ ತೊಳೆಯುತ್ತ. "ಉಪ್ಪುಮೀನು ಅಂಗಡಿಯಲ್ಲಿ ಕಟ್ಟು ಕಟ್ಟು ಸಿಗ್ತದೆ. ಇನ್ನು ಅದನ್ನೇ ತನ್ನಿ. ಆ ಕಾವಲಿಯನ್ನು ಯಾರು ತಿಕ್ಕುದು?"

ಈ ಗಾಥೆಯನ್ನು ಭಕ್ತಿಯಿಂದ ಓದಿದವರ ಮೀನಿಗೆ ಉಪ್ಪು ಒಮ್ಮೆ ಮಾತ್ರ ಬೀಳಲಿ, ಅವರ ಮನೆಯಲ್ಲಿ ಉಣ್ಣದೆ ಎದ್ದವರು ಮರಳಿ ಬಟ್ಟಲ ಮುಂದೆ ಕೂರಲಿ. ಸಂಧಿಸಮಾಸವಿಶಾರದನೂ ಛಂದಃಪ್ರಸ್ತಾರಪಂಚಾನನನೂ ಕಡೇಬೆಂಚುಭಯಂಕರನೂ ಆದ ನಾನು ತೆಂಗಿನ ನಾರು ಮತ್ತು ಬೂದಿ ಹಿಡಿದು ಕಾವಲಿ ತಿಕ್ಕುತ್ತ ಕುಳಿತಿದ್ದೇನೆ. ಬೆಲ್ಲ ಇನ್ನೂ ಬಿಟ್ಟಿಲ್ಲ.