ಗಿಳಿ ಕಚ್ಚಿದ ಪೇರಲ

ಸಿಂದಗಿಯ ಸಿಂಪಿಗ ಇಸಾಕನ ಮಗ ಜೈನುದ್ದೀನನಿಗೆ ನಾಲ್ಕು ತುಂಬಿದರೂ ಮಾತು ಬಂದಿರಲಿಲ್ಲ. ಬೇಕಾದದ್ದಕ್ಕೆ ಬೆರಳು ತೋರಿಸುತ್ತಿದ್ದ, ಬೇಡವಾದದ್ದನ್ನು ಒದೆಯುತ್ತಿದ್ದ. ಅವನ ಬಾಯಿಂದ ಒಂದೇ ಒಂದು ಮಾತು ಕೇಳಲು ಇಸಾಕ ಕೆಟ್ಟುನಿಂತ ಬಸ್ಸಿನ ಪ್ರಯಾಣಿಕನಂತೆ ಕಾಯುತ್ತಿದ್ದ.

“ಬಜಿ ಬೇರ ತೇದು ನೆಕ್ಕಿಸಿದ್ದು ಸಾಕೋ ತಮ್ಮಾ,” ಎಂದಳು ಪಕ್ಕದ ಮನೆಯ ಶಂಕ್ರೆವ್ವ. “ಗಿಣಿ ಕಚ್ಚಿದ ಹಣ್ಣು ತಿನಸು. ಎಂಜಲದ ಜೋಡಿ ಮಾತೂ ಬರ್ತಾವ. ಗುರಲಿಂಗಪ್ಪನ ಅಂಗಡ್ಯಾಗ ಗಿಣಿ ಐತೆಲ್ಲ!”

ಕಿರಾಣಿ ಗುರಲಿಂಗಪ್ಪನ ಗಿಳಿ ಗಿರಾಕಿ ಕಂಡರೆ “ಬರ್ರಿ, ಕೂಡ್ರಿ” ಅನ್ನುತ್ತಿತ್ತು. ಅದನ್ನು ಕೇಳಲು ಬಂದವರು ನಾಚಿಕೆಗಾದರೂ ಒಂದಿಷ್ಟು ಬೆಲ್ಲ ಕೊಳ್ಳುತ್ತಿದ್ದರು.

ಇಸಾಕ ಅರ್ಧ ಹೊಲಿದ ಅಂಗಿಯನ್ನು ಮಷೀನಿನ ಮೇಲೇ ಬಿಟ್ಟು, ಮಗನನ್ನೂ ಒಂದು ಪೇರಲ ಹಣ್ಣನ್ನೂ ಹಿಡಿದು ಹೊರಟ. ಶಂಕ್ರೆವ್ವನೂ ಬೆನ್ನು ಹತ್ತಿದಳು. ಅಂಗಡಿಯಲ್ಲಿ ಪಂಜರದೊಳಗೆ ಹಣ್ಣು ಹಿಡಿದರೆ, ಗಿಳಿ ಅದನ್ನು ಬಿಟ್ಟು ಇಸಾಕನ ಬೆರಳು ಕಚ್ಚಿತು.

“ಬೆರಳ ಚೀಪಸು ಹುಡುಗಗ, ಅದೂ ಎಂಜಲನ!” ಎಂದು ಕಟ್ಟೆಯ ಮೇಲೆ ಕೂತ ಖಾಜಾಸಾಬ ನಕ್ಕ.

“ಹಣ್ಣಿಗೆ ಖಾರ ಸವರ್ರಿ, ತಿಂತೈತಿ,” ಎಂದನೊಬ್ಬ. “ಉಪ್ಪು ಸವರ್ರಿ,” ಎಂದನಿನ್ನೊಬ್ಬ. ಉಪ್ಪೋ ಖಾರವೋ ಎಂದು ಜಗಳ ಹತ್ತಿತು. ಇಸಾಕ ಹಣ್ಣನ್ನು ಮಗನ ಕೈಗೆ ಕೊಟ್ಟು ಜಗಳಕ್ಕೆ ನಿಂತ. ತಿರುಗಿ ನೋಡಿದರೆ ಹುಡುಗ ಪಂಜರದೊಳಗೆ ಹಣ್ಣು ಹಿಡಿದಿದ್ದಾನೆ, ಗಿಳಿ ಕುಕ್ಕಿ ಕುಕ್ಕಿ ತಿನ್ನುತ್ತಿದೆ!

“ತಿಂತು! ತಿಂತು!” ಇಸಾಕ ಉಳಿದದ್ದನ್ನು ಕಿತ್ತು ಮಗನ ಬಾಯಿಗೆ ತುರುಕಿದ. ಅಂಗಡಿಯೆಲ್ಲ ಉಸಿರು ಬಿಗಿಹಿಡಿಯಿತು. ಹುಡುಗ ಹಣ್ಣು ನುಂಗಿ, ಇನ್ನೊಂದು ಬೇಕೆಂದು ಬೆರಳು ತೋರಿಸಿದ.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಗಿಳಿ ಅವನನ್ನು ನೋಡಿತು, ಸುಮ್ಮನಿತ್ತು. ಮತ್ತೊಬ್ಬ ಬಂದ. ಆಗಲೂ ತುಟಿ ಪಿಟಕ್ಕೆನ್ನಲಿಲ್ಲ.

“ಯಾಕೋ, ಬರ್ರಿ ಅನ್ನೋ!” ಗುರಲಿಂಗಪ್ಪ ಗೋಗರೆದ. ಗಿಳಿ ಕಣ್ಣು ಮುಚ್ಚಿತು.

ಶಂಕ್ರೆವ್ವನಿಗೆ ಸಂಶಯ ಬಂತು. “ಹಣ್ಣಿಗೆ ಮೊದಲ ಬಾಯಿ ಹಾಕಿದವ್ರು ಯಾರು?”

“ಹುಡುಗ,” ಎಂದ ಖಾಜಾಸಾಬ. “ತಾ ಕಚ್ಚಿ, ಗಿಣಿಗಿ ಕೊಟ್ಟ.”

“ಮತ್ತ ಹೇಳಬಾರದೇನೋ ಮಾರಾಯಾ!”

“ನನ್ನ ಯಾರ ಕೇಳಿದ್ರಿ?”

ಗುರಲಿಂಗಪ್ಪ ಕುದ್ದುಹೋದ. “ನಿನ್ನ ಮಗನ ಎಂಜಲ ತಿಂದು ನನ್ನ ಗಿಣಿ ಮೂಕ ಆತಲ್ಲೋ ಇಸಾಕ! ಒಯ್ಯಿ, ಮಾತಾಡಿಸಿ ತಂದ ಕೊಡು!” ಎಂದು ಪಂಜರವನ್ನೇ ಕೊರಳಿಗೆ ಕಟ್ಟಿದ.

ಮನೆಯಲ್ಲಿ ಹೆಂಡತಿ ಅಮೀನಾಬಿ ಹಣೆ ಚಚ್ಚಿಕೊಂಡಳು. “ಒಂದ ಬಾಯಿ ತೆರಸಾಕ ಹೋಗಿ ಇನ್ನೊಂದ ಮುಚ್ಚಿಸಿಕೊಂಡ ಬಂದ್ರೇನ್ರಿ?”

ಇಸಾಕ ಪಂಜರವನ್ನು ಅಂಗಳದಲ್ಲಿ ಮಗನ ಬಳಿ ಇಟ್ಟು ಬಂದು ಮಷೀನಿಗೆ ಕೂರುವಷ್ಟರಲ್ಲಿ ಅಲ್ಲಿಂದ ಪಟಪಟ ಸದ್ದು ಬಂತು. ಜೊತೆಗೇ ಗಂಟೆಯಂಥ ದನಿ: “ಹೋತು!”

ಇಸಾಕ ಓಡಿದ. ಮಗನನ್ನು ಎತ್ತಿ ಕುಣಿದ, ಅತ್ತ, ಮುದ್ದಿಟ್ಟ. “ಮಾತಾಡಿದ! ನನ್ನ ಮಗ ಮಾತಾಡಿದ!”

ಆ ಗದ್ದಲಕ್ಕೆ, ಗಿಳಿಗೆ ಕಡಲೆ ತಂದಿದ್ದ ಗುರಲಿಂಗಪ್ಪ ಬಾಗಿಲಲ್ಲೇ ನಿಂತ. ಅವನಿಗೂ ಸಂತೋಷವಾಯಿತು. “ಹೌದೇನೋ! ಏನಂದ?”

ಇಸಾಕನ ಕುಣಿತ ಅಲ್ಲಿಗೇ ನಿಂತಿತು. ಬಾಗಿಲು ತೆರೆದ ಪಂಜರ ಈಗಷ್ಟೇ ಅವನ ಕಣ್ಣಿಗೆ ಬಿದ್ದಿತ್ತು.

ಹುಡುಗ ಆಕಾಶದತ್ತ ಬೆರಳು ತೋರಿಸಿ, ಮೊದಲಿಗಿಂತ ಗಟ್ಟಿಯಾಗಿ, ಗುರಲಿಂಗಪ್ಪನಿಗೆ ತಾನೇ ಹೇಳಿದ.

“ಹೋತು!”