ಸಾಸಿವೆ ಮೂಸಿ ನೋಡಿದ್ದು

ಕೊಪ್ಪ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಯಜ್ಞೇಶನ ಬೆಕ್ಕು ಎರಡು ದಿನದಿಂದ ಊಟ ಬಿಟ್ಟಿತ್ತು. ಮೈಯೆಲ್ಲ ಕಪ್ಪಾದ ಆ ಬೆಕ್ಕಿನ ಹೆಸರು ಸಾಸಿವೆ. ಹೊಸದಾಗಿ ತಂದ ‘ಪೆಟ್‌ಸುಖ’ ಪೊಟ್ಟಣದ ಕಾಳನ್ನು ಬಟ್ಟಲಿಗೆ ಸುರಿದರೆ, ಮಾವನ ಮನೆಯಲ್ಲಿ ಉಪ್ಪಿಲ್ಲದ ಪಲ್ಯ ಕಂಡ ಹೊಸ ಅಳಿಯನ ಹಾಗೆ ಮುಖ ತಿರುಗಿಸುತ್ತಿತ್ತು.

“ಎಷ್ಟು ಸೊಕ್ಕೇ ನಿಂಗೆ!” ಎಂದು ಯಜ್ಞೇಶ ಬೈಯುತ್ತಿರುವಾಗಲೇ ಪಶು ಆಸ್ಪತ್ರೆಯಿಂದ ಒಂದು ಕಾಗದ ಐವತ್ತು ಪ್ರತಿ ಮಾಡಿಸಲು ಬಂತು. ಯಂತ್ರದ ಮೇಲಿಡುವಾಗ ಕಣ್ಣಾಡಿಸಿದ. ‘ಪೆಟ್‌ಸುಖ’ ತಿಂಡಿಯ ಒಂದು ಬ್ಯಾಚಿಗೆ ಬೂಷ್ಟಿನ ವಿಷ ಸೇರಿದೆ, ಕಂಪನಿ ಎಲ್ಲವನ್ನೂ ವಾಪಸ್ ಪಡೆಯುತ್ತಿದೆ, ನಾಯಿ ಬೆಕ್ಕುಗಳಿಗೆ ಹಾಕಬೇಡಿ, ಪೊಟ್ಟಣದ ಮೇಲಿನ ಅಂಚಿನಲ್ಲಿ ಬ್ಯಾಚ್ ನಂಬರ್ ನೋಡಿ ಎಂದಿತ್ತು. ಯಜ್ಞೇಶ ತನ್ನ ಪೊಟ್ಟಣ ನೋಡಿದ. ಅದೇ ನಂಬರ್!

ದೊಡ್ಡ ದೊಡ್ಡ ಲ್ಯಾಬಿನವರು ಇವತ್ತು ಕಂಡುಹಿಡಿದದ್ದನ್ನು ಮೂರು ಕೆ.ಜಿ. ತೂಕದ ಈ ಜೀವ ಮೊನ್ನೆಯೇ ಕಂಡುಹಿಡಿದಿತ್ತು! “ತಪ್ಪಾಯ್ತು ತಾಯಿ” ಎಂದು ಬೆಕ್ಕಿಗೆ ಕೈಮುಗಿದ.

ಕೈಮುಗಿದದ್ದನ್ನು ಪಕ್ಕದ ಬ್ಯೂಟಿ ಪಾರ್ಲರಿನ ಪವಿತ್ರಾ ನೋಡಿಬಿಟ್ಟಳು, ಏಕೆಂದು ಕೇಳಿಯೂಬಿಟ್ಟಳು. ಪವಿತ್ರಾ ನೋಡಿದಳೆಂದರೆ ಮೈಕು ಕಟ್ಟಿದ ಆಟೋ ಊರು ಸುತ್ತಿದಂತೆಯೇ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಂಗಡಿಯ ಮುಂದೆ ಜನ ಪೊಟ್ಟಣ ಹಿಡಿದು ಸಾಲುಗಟ್ಟಿದರು.

“ಬೆಕ್ಕಿಗೆ ತೋರ್ಸೋದು ಎಂತಕ್ಕೆ? ಈ ಕಾಗದದಲ್ಲಿ ನಂಬರ್ ಇದೆ, ತಾಳೆ ನೋಡಿದ್ರೆ ಸಾಕು” ಎಂದು ಯಜ್ಞೇಶ ಪ್ರತಿ ಹಂಚತೊಡಗಿದ.

ನಿವೃತ್ತ ಟೀಚರ್ ಸುಮಿತ್ರಮ್ಮ ಕಾಗದವನ್ನು ಮಡಚಿ ಬೀಸಣಿಗೆ ಮಾಡಿಕೊಂಡರು. “ನಂಬರ್ ಓದಕ್ಕೆ ಕನ್ನಡಕ ಬೇಕು ಮಾರಾಯ. ನಿನ್ನ ಬೆಕ್ಕಿಗೆ ಎಂತದೂ ಬೇಡ. ಮೂಸಿಸು.”

ಮೂಸಿಸಿದರು. ಸಾಸಿವೆ ಮುಖ ತಿರುಗಿಸಿತು. ಎರಡನೆಯದಕ್ಕೂ ತಿರುಗಿಸಿತು, ಮೂರನೆಯದಕ್ಕೂ. ಸುಮಿತ್ರಮ್ಮ ಗಿಳಿಯ ಕಾಳು ತೋರಿಸಿದರು, ಆಮೇಲೆ ಆಗಷ್ಟೇ ಕೊಂಡ ಮೊಸರು ತೋರಿಸಿದರು. ಬೆಕ್ಕು ಕಣ್ಣು ಮುಚ್ಚಿತು. “ಮೊಸರೂ ಕೆಟ್ಟಿದೆ ಅಂತಾಯ್ತು!” ಎಂದು ಚರಂಡಿಗೆ ಚೆಲ್ಲಿದರು. ಬೇಡ ಎನ್ನುತ್ತಿದ್ದ ಯಜ್ಞೇಶನೂ ಮೆಲ್ಲನೆ ಬೆಕ್ಕಿನ ಕೆಳಗೊಂದು ಮೆತ್ತೆ ಇಟ್ಟ.

ಮಧ್ಯಾಹ್ನ ಪಕ್ಕದ ಹಳ್ಳಿ ನಾರ್ವೆಯ ರೇಣುಕಪ್ಪ ತನ್ನ ನಾಯಿ ಭೈರವನಿಗೆಂದು ಕೊಂಡ ಪೊಟ್ಟಣ ತಂದ. ಅಂಚು ಕತ್ತರಿಸಿ ಎರಡು ಕಾಳು ಇಟ್ಟಿದ್ದೇ ತಡ, ಸಾಸಿವೆ ಗಬಕ್ಕನೆ ತಿಂದಿತು. ಮತ್ತೂ ಬೇಕೆಂದಿತು.

“ಪಾಸ್!” ಎಂದು ಪವಿತ್ರಾ ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ರೇಣುಕಪ್ಪ ಬಸ್ಸು ಹತ್ತಿದ.

ಮೇಜು ಗುಡಿಸುವಾಗ ಯಜ್ಞೇಶನ ಕೈಗೆ ಕತ್ತರಿಸಿದ ಆ ಅಂಚು ಸಿಕ್ಕಿತು. ಓದಿದ. ವಿಷದ ಬ್ಯಾಚಿನದೇ ನಂಬರ್!

ರೇಣುಕಪ್ಪನಿಗೆ ಫೋನ್ ಹಚ್ಚಿದರೆ ಸಿಗ್ನಲ್ ಇಲ್ಲ. ಬೆಕ್ಕನ್ನು ಕಾಗದದ ಪೆಟ್ಟಿಗೆಗೆ ತುಂಬಿ, ಅಂಗಡಿಯನ್ನು ಪವಿತ್ರಾಳಿಗೆ ಒಪ್ಪಿಸಿ, ಸ್ಕೂಟರಿನಲ್ಲಿ ನಾರ್ವೆಗೆ ಹಾರಿದ. ಅಂಗಳದಲ್ಲಿ ಭೈರವ ತಟ್ಟೆಗೆ ಬಾಯಿ ಹಾಕುವುದರಲ್ಲಿತ್ತು. ಯಜ್ಞೇಶ ಧುಮುಕಿ ತಟ್ಟೆ ಕಸಿದ. ತಟ್ಟೆ ಹೋದ ಸಿಟ್ಟಿಗೆ ಭೈರವ ಅವನ ಮೀನಖಂಡವನ್ನೇ ಊಟವೆಂದುಕೊಂಡಿತು.

ನಂಬರ್ ತೋರಿಸಿದಾಗ ರೇಣುಕಪ್ಪ ನಾಯಿಯನ್ನು ತಬ್ಬಿ ಕುಸಿದು ಕೂತ. “ಇವ್ನಿಗೆ ಎಂತಾದ್ರೂ ಆಗಿದ್ರೆ ನಾನು ಉಳೀತಿದ್ನಾ ಮಾರಾಯ!” ಎಂದು ಅತ್ತ. ಯಜ್ಞೇಶನಿಗೂ ಕಣ್ಣೀರು ಬಂತು. ಅದರಲ್ಲಿ ಅರ್ಧದಷ್ಟು ಕಾಲಿನ ಉರಿಗೆ.

ಅಲ್ಲಿಂದ ನೇರ ಕೊಪ್ಪದ ಪಶು ಆಸ್ಪತ್ರೆಗೆ. ಡಾಕ್ಟರ್ ಜ್ಯೋತ್ಸ್ನಾ ನಡೆದದ್ದೆಲ್ಲ ಕೇಳಿಕೊಂಡು, ಬೆಕ್ಕಿಗೆ ಔಷಧಿ ಕೊಟ್ಟು, “ತಿಂದದ್ದು ಸ್ವಲ್ಪ, ಬೇಗ ತಂದ್ರಿ. ಏನೂ ಆಗಲ್ಲ” ಎಂದರು. ಆಮೇಲೆ ಟಾರ್ಚ್ ಹಾಕಿ ನೋಡಿ ನಕ್ಕರು. “ಇದಕ್ಕೆ ಜೋರು ನೆಗಡಿ, ಮೂಗು ಪೂರ್ತಿ ಕಟ್ಟಿದೆ. ವಾಸನೆ ಗೊತ್ತಾಗದಿದ್ರೆ ಬೆಕ್ಕು ಏನೂ ಮುಟ್ಟಲ್ಲ. ಇವತ್ತು ಹಸಿವು ತಡೀದೆ ತಿಂದಿದೆ. ವಿಷ ಯಾವ್ದು, ಮೊಸರು ಯಾವ್ದು, ಇದಕ್ಕೆಂತ ಗೊತ್ತು?”

“ಅದನ್ನೇ ಒಂದು ಕಾಗದದಲ್ಲಿ ಬರ್ದು ಸೀಲ್ ಹಾಕಿ ಕೊಡಿ ಮೇಡಂ” ಎಂದು ಯಜ್ಞೇಶ ಅಂಗಲಾಚಿದ. “ನನ್ನ ಕಾಲಿಗೂ ಒಂದು ಇಂಜೆಕ್ಷನ್...”

“ನಿಮಗೆ ನಾನು ಹಾಕೋ ಹಾಗಿಲ್ಲ. ಮನುಷ್ಯರ ಆಸ್ಪತ್ರೆಗೆ ಹೋಗಿ.”

ಇಂಜೆಕ್ಷನ್ ಚುಚ್ಚಿಸಿಕೊಂಡು, ಬೆಕ್ಕಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟು, ಡಾಕ್ಟರ ಕಾಗದ ಹಿಡಿದು, ಸಂಜೆ ಕುಂಟುತ್ತ ಬಂದರೆ ಅಂಗಡಿಯ ಮುಂದೆ ಬೆಳಗಿನ ಎರಡರಷ್ಟು ಜನ. ಬೆಂಚಿನ ಮೇಲೆ ರೇಣುಕಪ್ಪ ನಿಂತಿದ್ದ.

“ವಿಷ ಅಂತ ಗೊತ್ತಿದ್ದೂ ತಾನೇ ತಿಂತು ಕಣ್ರೋ! ನಂಜುಂಡನ ಹಾಗೆ! ತಾನು ತಿಂದು, ಯಜಮಾನನ್ನ ನಮ್ಮನೆಗೆ ಓಡಿಸ್ತು. ಅದು ತಿನ್ನದಿದ್ರೆ ನನ್ನ ಭೈರವ ಉಳೀತಿದ್ನಾ?”

ನಿಲ್ದಾಣದಲ್ಲಿ ಶೃಂಗೇರಿ ಬಸ್ಸು ಹೊರಟರೂ ಹತ್ತುವವರು ಹತ್ತಲಿಲ್ಲ.

ಯಜ್ಞೇಶ ಕಾಗದ ಎತ್ತಿ ಕಿರುಚಿದ: “ಸುಳ್ಳು! ಡಾಕ್ಟ್ರೇ ಬರೆದಿದಾರೆ, ನೋಡಿ! ಅದಕ್ಕೆ ನೆಗಡಿ! ಮೂಗೇ ಕಟ್ಟಿದೆ!”

ಸುಮಿತ್ರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಮೂಗು ಕಟ್ಟಿದ್ರೂ ಗೊತ್ತಾಯ್ತಲ್ರೋ!”

ಒಂದೇ ಸಲಕ್ಕೆ ಐವತ್ತು ಜೊತೆ ಕೈಗಳು ಮುಗಿದವು. ಪೆಟ್ಟಿಗೆಯೊಳಗಿಂದ ಸಾಸಿವೆ ತಲೆ ಎತ್ತಿ ಸೀನಿತು. ಮುಂದಿನ ಸಾಲಿನವರು ಆ ಹನಿಗಳನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು.

ಯಜ್ಞೇಶ ಮತ್ತೇನೋ ಹೇಳಹೊರಟ. ಪವಿತ್ರಾ ಅವನ ತೋಳು ಹಿಡಿದು ಮೃದುವಾಗಿ ಎಳೆದಳು.

“ಸ್ವಲ್ಪ ಪಕ್ಕಕ್ಕೆ ನಿಲ್ಲು ಯಜ್ಞೇಶಣ್ಣ. ಹಿಂದಿನವ್ರಿಗೆ ಕಾಣ್ತಿಲ್ಲ.”