ಸೊನ್ನೆಗಿಂತ ಕಮ್ಮಿ ವ್ಯತ್ಯಾಸ

ಔಟ್‌ಪುಟ್ ಓದುವ ಮುಂಚೆ ನಮ್ಮ ಲ್ಯಾಬ್ ಮೇಷ್ಟ್ರು ಮಾನಿಟರಿನ ನೆತ್ತಿಗೆ ಎರಡು ಸಲ ತಟ್ಟೋರು, ಮದ್ದೂರು ಸಂತೆಯಲ್ಲಿ ತೆಂಗಿನಕಾಯಿ ನೋಡಿದ ಹಾಗೆ. ಮಂಡ್ಯದ ಕಾಲೇಜಿನ ಆ ಲ್ಯಾಬಿನಲ್ಲಿ ದಿನಾ ಏನಾದರೊಂದು ಆಗುತ್ತಲೇ ಇತ್ತು. ಈಗ ಆಫೀಸಿನಲ್ಲಿ ಕೋಡ್ ರನ್ ಮಾಡುವಾಗ ನನ್ನ ಕೈಯೂ ತಾನಾಗಿ ಮಾನಿಟರ್ ಕಡೆ ಹೋಗುತ್ತದೆ.

ಎಲ್ಲರೂ ಐದಡಿ

ಲ್ಯಾಬಿನಲ್ಲಿ ನನ್ನ ಜೊತೆಗಾತಿ ಮಳವಳ್ಳಿಯವಳು, ಕ್ಲಾಸಿಗೇ ಕುಳ್ಳಿ, ಸರಿಯಾಗಿ ಐದಡಿ. ನಾನು ಬಾಯಿ ಬಿಡದವಳು. ನನ್ನ ಪಾಲಿನ ಮಾತೂ ಅವಳೇ ಆಡೋಳು. ಒಮ್ಮೆ ಹುಡುಗಿಯರ ಎತ್ತರದ ಸರಾಸರಿಗೆ ಸಿ ಪ್ರೋಗ್ರಾಂ ಬರೆದಳು. ಅಡಿಗಳನ್ನು ಪೂರ್ಣಾಂಕದಲ್ಲಿ ಇಟ್ಟಿದ್ದರಿಂದ ದಶಮಾಂಶ ಚುಕ್ಕಿಯ ನಂತರದ್ದೆಲ್ಲ ಕತ್ತರಿಸಿಹೋಗಿ, ಉದ್ದದವರು ಗಿಡ್ಡದವರು ಎಲ್ಲರೂ ಐದಡಿ! ತಿದ್ದೋಣ ಅಂತ ಕೀಬೋರ್ಡ್ ಎಳೆದೆ. ಕೈ ಹಿಡಿದಳು.

"ಬುಡೇ, ಇವತ್ತೊಂದಿನ ಇಂಗೇ ಇರ್ಲಿ."

ಮುದ್ದೆ ಪಂಕ್ತಿ

ಇನ್ನೊಂದು ಸಲ ಪ್ರತಿ ಅಂಕೆಗೂ ಸರಾಸರಿಯನ್ನು ಮೊದಲಿನಿಂದ ಲೆಕ್ಕ ಹಾಕುವ ಹಾಗೆ ಬರೆದಿದ್ದಳು. ಮೇಷ್ಟ್ರು ಕಾಫಿ ಕುಡಿದು ಬಂದರೂ ಪ್ರೋಗ್ರಾಂ ಮುಗಿದಿರಲಿಲ್ಲ.

"ಏನಮ್ಮಾ, ಬೀಗರೂಟದಲ್ಲಿ ಒಬ್ಬೊಬ್ಬರಿಗೆ ಮುದ್ದೆ ಇಕ್ಕೋ ಮುಂಚೆನೂ ಇಡೀ ಪಂಕ್ತಿ ಎಣಿಸ್ತೀಯಾ? ಒಂದ್ಸಲ ಎಣಿಸಿ ಇಟ್ಕೊ!"

"ಮಧ್ಯದಲ್ಲಿ ಯಾರಾದ್ರೂ ಎದ್ದೋದ್ರೆ ಸಾ?"

ಬೆಲ್ಲದ ವೈವಾ

ಕೊನೆಯ ಪ್ರಾಜೆಕ್ಟ್. ಇದರಲ್ಲಿ ಹೋದರೆ ಇಬ್ಬರ ಡಿಗ್ರಿಯೂ ಮುಂದಕ್ಕೆ. ಅವಳ ಮನೆಯ ಆಲೆಮನೆಯಲ್ಲಿ ಬಕೆಟ್ ಅಚ್ಚಿಗೆ ಉಯ್ದ ಬೆಲ್ಲವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಅಚ್ಚಿನಿಂದ ಅಚ್ಚಿಗೆ ತೂಕದ ವ್ಯತ್ಯಾಸ, ಅಂದರೆ ವೇರಿಯನ್ಸ್, ಎಷ್ಟು ಅಂತ ಅಳೆಯುವ ಪ್ರೋಗ್ರಾಂ ಮಾಡಿದ್ದೆವು. ವರ್ಗಗಳ ಲೆಕ್ಕವಾದ್ದರಿಂದ ಸೊನ್ನೆಗಿಂತ ಕೆಳಗೆ ಇಳಿಯಲೇಬಾರದ ಉತ್ತರ ಮೈನಸ್ ಬಂತು.

"ವ್ಯತ್ಯಾಸ ಮೈನಸ್ಸು ಹೇಗಮ್ಮ?" ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದರು.

ಜೊತೆಗಾತಿ ತಡಮಾಡಲಿಲ್ಲ. "ನಮ್ಮಪ್ಪ ಅಚ್ಚಿಗೆ ಉಯ್ಯೋದೇ ಅಂಗೆ ಸಾ, ಅಷ್ಟು ಒಂದೇ ಸಮ. ವ್ಯತ್ಯಾಸ ಸೊನ್ನೆಗಿಂತ್ಲೂ ಕಮ್ಮಿ!"

ಅವರು ನಗಲಿಲ್ಲ. ನಾನು ಕೀಬೋರ್ಡ್ ಎಳೆದುಕೊಂಡೆ. ದೊಡ್ಡ ತೂಕಗಳನ್ನೇ ವರ್ಗ ಮಾಡಿ ಆಮೇಲೆ ಸರಾಸರಿಯ ವರ್ಗ ಕಳೆದಿದ್ದೆವು. ದಶಮಾಂಶ ಸಂಖ್ಯೆ ಇಡುವ ಫ್ಲೋಟ್‌ನಲ್ಲಿ ಅಷ್ಟು ದೊಡ್ಡ ಸಂಖ್ಯೆಗೆ ಜಾಗ ಸಾಲದೆ ಕೊನೆಯ ಅಂಕೆಗಳು ಉದುರಿಹೋಗಿದ್ದವು. ಮೊದಲು ಸರಾಸರಿ ಕಳೆದು, ಉಳಿದ ಚಿಕ್ಕ ಸಂಖ್ಯೆಯನ್ನು ವರ್ಗ ಮಾಡಿಸಿದೆ. ಉತ್ತರ ಸೊನ್ನೆಯ ಮೇಲಕ್ಕೆ ಬಂತು. ಪರೀಕ್ಷಕರು ತಲೆಯಾಡಿಸಿ ಪಾಸು ಮಾಡಿ ಎದ್ದರು.

ಅಷ್ಟೂ ಹೊತ್ತು ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು ಮಾನಿಟರ್ ತಟ್ಟಿದರು. "ಇವಳು ಕೆಡಿಸಿದ್ದೆಲ್ಲ ನೀನೇ ತಿದ್ದಿರೋದು, ಗೊತ್ತು. ಇಷ್ಟು ವರ್ಷದಲ್ಲಿ ನಿನ್ನ ದನಿ ಮಾತ್ರ ಕೇಳಿಲ್ಲ. ಹೋಗೋ ಮುಂಚೆ ಒಂದು ಮಾತಾಡಮ್ಮ."

ಜೊತೆಗಾತಿ ಬಾಯಿ ತೆರೆದಳು.

"ನೀನಲ್ಲ ಕಣಮ್ಮ, ಸುಮ್ಕಿರು," ಅಂದವರು ನನ್ನ ಕಡೆಗೇ ತಿರುಗಿ, "ಒಂದೇ ಮಾತು," ಅಂದರು.

ನಾನು ಕೈ ಚಾಚಿ ಮಾನಿಟರಿನ ನೆತ್ತಿಗೆ ಎರಡು ಸಲ ತಟ್ಟಿದೆ.